ಕಾಯಿಲೆಯ ಹೆಸರು ಮಗುವಿಗೂ ಗೊತ್ತಿರಲಿ

ಶಿರಾ ಕಡೆಯ ಒಂದು ಹಳ್ಳಿಯಲ್ಲಿ 17 ವರ್ಷದ ಹುಡುಗಿಯೊಬ್ಬಳಿದ್ದಾಳೆ. ಮೊದಲ ವರ್ಷದ ಪಿಯುಸಿ. ಬೆಳಿಗ್ಗೆ ಏಳೂವರೆ ಬಸ್ಸಿಗೆ ಕಾಲೇಜಿಗೆ ಹೋಗುತ್ತಾಳೆ. ಸಂಜೆ ಬಂದು ತಮ್ಮನಿಗೆ ಲೆಕ್ಕ ಹೇಳಿಕೊಡುತ್ತಾಳೆ. ರಾತ್ರಿ ಊಟವಾಗಿ ಸ್ವಲ್ಪ ಹೊತ್ತಾದ ಮೇಲೆ ಮಾತ್ರೆ ನುಂಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಒಂದು ಗೀಟು ಎಳೆಯುತ್ತಾಳೆ. ಇನ್ನೂ ಎಂಟು ತಿಂಗಳು ಹೀಗೆ ಗೀಟು ಎಳೆಯಬೇಕು.

ಅವಳಿಗೆ ಇರುವುದು ರಕ್ತದ ಕ್ಯಾನ್ಸರ್. ಡಾಕ್ಟರ ಮಾತಿನಲ್ಲಿ ಲ್ಯುಕೇಮಿಯಾ.

ಅವಳ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. "ನನ್ನ ಹೆಸರು ಹಾಕಿ ಅಣ್ಣ, ಪರವಾಗಿಲ್ಲ" ಅಂತ ಅವಳೇ ಹೇಳಿದಳು. ಅವರಮ್ಮ ಬೇಡ ಅಂದರು. "ನಾಳೆ ಇವ್ಳಿಗೆ ಮದ್ವೆ ಆಗ್ಬೇಕಲ್ಲಪ್ಪ, ಊರೋರು ಏನಂತಾರೆ?" ಅಂದರು. ಆ ತಾಯಿಯ ಭಯ ಸುಳ್ಳಲ್ಲ. ಹಾಗಾಗಿ ಹುಡುಗಿಯ ಹೆಸರು ಬಿಟ್ಟಿದ್ದೇವೆ. ಆದರೆ ಕಾಯಿಲೆಯ ಹೆಸರನ್ನು ಬಿಡುವುದಿಲ್ಲ. ಅದನ್ನು ಮುಚ್ಚಿಟ್ಟರೆ ಏನಾಗುತ್ತದೆ ಅನ್ನುವುದನ್ನು ನಾವು ಕಣ್ಣಾರೆ ನೋಡಿದ್ದೇವೆ.

ನಮ್ಮ ಮಾತು ಇಷ್ಟೇ. ಲ್ಯುಕೇಮಿಯಾ ಬಂದ ಮಗುವಿಗೆ, ಹರೆಯದ ಹುಡುಗ ಹುಡುಗಿಯರಿಗೆ, ಅದರ ಹೆಸರು ಮತ್ತು ಅದರ ನಡೆ ತಿಳಿದಿರಬೇಕು. ಇದು ಧೈರ್ಯ ತುಂಬುವುದಕ್ಕೆ ಹೇಳುವ ಮಾತಲ್ಲ, ಚಿಕಿತ್ಸೆಯದೇ ಒಂದು ಭಾಗ. ಯಾಕೆ ಅಂತ ಹೇಳುತ್ತೇವೆ.

ಒಂದು ವಾಟ್ಸಾಪ್ ಮೆಸೇಜು

ಎರಡು ವರ್ಷದ ಹಿಂದೆ ನಮ್ಮ ಗುಂಪಿಗೆ ಒಂದು ಮೆಸೇಜು ಬಂತು. "ಬಿ ಪಾಸಿಟಿವ್ ಪ್ಲೇಟ್‌ಲೆಟ್ ಅರ್ಜೆಂಟ್ ಬೇಕು, ಹುಡುಗಿಗೆ 15 ವರ್ಷ." ಇಂಥ ಮೆಸೇಜುಗಳನ್ನು ನಾವೆಲ್ಲ ಫಾರ್ವರ್ಡ್ ಮಾಡಿ ಸುಮ್ಮನಾಗುತ್ತೇವೆ. ಅವತ್ತು ನಮ್ಮಲ್ಲಿ ಮೂವರು ಬೆಂಗಳೂರಿನಲ್ಲೇ ಇದ್ದೆವು, ಹೋದೆವು. ಅಲ್ಲಿ ಅವರಪ್ಪನನ್ನು ನೋಡಿದೆವು. ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಚೀಲ ತಲೆಗಿಟ್ಟುಕೊಂಡು ಮಲಗಿದ್ದರು. ಎಬ್ಬಿಸಿ ಏನು ಕಾಯಿಲೆ ಅಂತ ಕೇಳಿದರೆ, ಸುತ್ತ ನೋಡಿ ದನಿ ತಗ್ಗಿಸಿದರು.

"ಮಗೀಗೆ ಹೇಳಿಲ್ಲ ಕಣಪ್ಪ. ರಕ್ತ ಕಮ್ಮಿ ಆಗೈತೆ ಅಂತ ಹೇಳಿದ್ದೀವಿ. ನೀವೂ ಹಂಗೇ ಹೇಳ್ಬಿಡಿ."

ಊರಿನಲ್ಲೂ ಹಾಗೇ ಹೇಳಿದ್ದರು. ಅಜ್ಜಿಗೆ ಟೈಫಾಯ್ಡ್ ಅಂತ, ಸ್ಕೂಲಿಗೆ ಕಾಮಾಲೆ ಅಂತ. ಒಂದು ಕಾಯಿಲೆಗೆ ಮೂರು ಹೆಸರು, ಒಂದೂ ನಿಜವಲ್ಲ.

ಇದಕ್ಕೆ ಮೊದಲು ಆರು ವಾರ ಅಲೆದಿದ್ದರು. ಹುಡುಗಿಗೆ ಸುಸ್ತು, ಸಂಜೆಯಾದರೆ ಜ್ವರ. ಕಾಲಿನ ಮೂಳೆ ನೋವು ಅಂತ ರಾತ್ರಿ ಅಳುತ್ತಿದ್ದಳು. ಎಲ್ಲೂ ಪೆಟ್ಟು ಬೀಳದೇ ಮೈಮೇಲೆ ನೀಲಿ ಕಲೆ. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಊರ ಹತ್ತಿರದ ಕ್ಲಿನಿಕ್ಕಿನಲ್ಲಿ ಹೋದಾಗಲೆಲ್ಲ ಒಂದು ಇಂಜೆಕ್ಷನ್, ಒಂದು ಬಾಟಲಿ ಟಾನಿಕ್. ಕೊನೆಗೆ ಚಿಕ್ಕಪ್ಪನೊಬ್ಬ ಹಟ ಹಿಡಿದು ತಾಲ್ಲೂಕು ಕೇಂದ್ರದ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದ. ಸಿಬಿಸಿ ಅನ್ನುತ್ತಾರಲ್ಲ, ರಕ್ತಕಣಗಳನ್ನು ಎಣಿಸುವ ಸಾಮಾನ್ಯ ಪರೀಕ್ಷೆ, ಅಷ್ಟೇ. 4 ಸಾವಿರದಿಂದ 11 ಸಾವಿರದ ಒಳಗೆ ಇರಬೇಕಾದ ಬಿಳಿ ರಕ್ತಕಣ 84 ಸಾವಿರ ಇತ್ತು. ಒಂದೂವರೆ ಲಕ್ಷಕ್ಕಿಂತ ಮೇಲೆ ಇರಬೇಕಾದ ಪ್ಲೇಟ್‌ಲೆಟ್ 18 ಸಾವಿರ. ಹಿಮೋಗ್ಲೋಬಿನ್ ಐದರ ಹತ್ತಿರ. ಲ್ಯಾಬಿನ ಹುಡುಗ ಅದೇ ದಿನ ಬೆಂಗಳೂರಿಗೆ ಹೊರಡಿ ಅಂದನಂತೆ.

ಆರು ವಾರ ಸಿಗದ ಉತ್ತರ ಒಂದು ಪರೀಕ್ಷೆಯಲ್ಲಿ ಸಿಕ್ಕಿತು. ಹೋಗದ ಜ್ವರ, ಬಿಳಿಚಿಕೊಂಡ ಮುಖ, ಕಾರಣವಿಲ್ಲದ ನೀಲಿ ಕಲೆ, ಮೂಳೆ ನೋವು, ಕುತ್ತಿಗೆ ಕಂಕುಳಲ್ಲಿ ಗಂಟು – ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಸಿಬಿಸಿ ಮಾಡಿಸಿ. ಬಹಳಷ್ಟು ಸಲ ಬೇರೇನೋ ಇರುತ್ತದೆ. ಆದರೆ ಮಾಡಿಸಿ.

ಅವಳಿಗೆ ಗೊತ್ತಾದ ಬಗೆ

ಎರಡು ತಿಂಗಳು ಅವಳಿಂದ ಮುಚ್ಚಿಟ್ಟರು. ಮುಚ್ಚಿಟ್ಟೆವು ಅಂತ ಅವರು ಅಂದುಕೊಂಡಿದ್ದರು. ತಲೆಗೂದಲು ಉದುರುತ್ತಿರುವ, ವಾರ್ಡಿನಲ್ಲಿ ಸುತ್ತಲೂ ಬೋಳು ತಲೆಯ ಮಕ್ಕಳನ್ನು ನೋಡುತ್ತಿರುವ, ಹತ್ತನೇ ಕ್ಲಾಸಿನ ಹುಡುಗಿಗೆ ಅನುಮಾನ ಬರುವುದಿಲ್ಲವೇ? ಒಂದು ರಾತ್ರಿ ಅಮ್ಮ ನಿದ್ದೆ ಹೋದಾಗ ಫೈಲು ತೆಗೆದು ಓದಿದಳು. ಅದರಲ್ಲಿದ್ದ ಇಂಗ್ಲಿಷ್ ಪದವನ್ನು ಅಪ್ಪನ ಫೋನಿನಲ್ಲಿ ಹುಡುಕಿದಳು. ಬಂದ ಮೊದಲ ವಿಡಿಯೋದಲ್ಲಿ ಯಾರೋ ಇದಕ್ಕೆ ಔಷಧಿಯೇ ಇಲ್ಲ ಅನ್ನುತ್ತಿದ್ದರು. ಎರಡನೆಯದರಲ್ಲಿ ಯಾವುದೋ ಸೊಪ್ಪಿನ ರಸದಿಂದ 15 ದಿನದಲ್ಲಿ ವಾಸಿ ಅನ್ನುತ್ತಿದ್ದರು.

"ಅವತ್ತು ರಾತ್ರಿ ನಾನು ಸತ್ತೋಗ್ತೀನಿ ಅಂತ ನನಗೆ ಗ್ಯಾರಂಟಿ ಆಗೋಯ್ತು. ಯಾರ ಹತ್ರ ಕೇಳೋದು? ಕೇಳಿದ್ರೆ ಅಮ್ಮಂಗೆ ಗೊತ್ತಾಗ್ಬಿಡುತ್ತೆ ನನಗೆ ಗೊತ್ತಾಗೈತೆ ಅಂತ" ಅಂದಳು ನಮ್ಮ ಹತ್ತಿರ.

ಈ ಮಾತನ್ನು ಎರಡು ಸಲ ಓದಿ. ಅಮ್ಮ ಮಗಳಿಂದ ಮುಚ್ಚಿಡುತ್ತಿದ್ದರು, ಮಗಳು ಅಮ್ಮನಿಂದ. ಇಬ್ಬರೂ ಒಂದೇ ಮಂಚದ ಎರಡು ತುದಿಯಲ್ಲಿ ಒಬ್ಬರಿಗೊಬ್ಬರು ಕಾಣದಂತೆ ಅಳುತ್ತಿದ್ದರು. ನಾವು ಮಗುವಿಗೆ ಹೇಳದಿದ್ದರೆ ಮಗುವಿಗೆ ಗೊತ್ತಾಗುವುದಿಲ್ಲ ಅಂತಲ್ಲ. ಬೇರೆ ಕಡೆಯಿಂದ, ತಪ್ಪು ತಪ್ಪಾಗಿ, ಒಬ್ಬಂಟಿಯಾಗಿ ಇರುವಾಗ ಗೊತ್ತಾಗುತ್ತದೆ.

ನಾಲ್ಕು ದಿನ ಊಟ ಬಿಟ್ಟಳು. ಕೊನೆಗೆ ವಾರ್ಡಿನ ಒಬ್ಬ ನರ್ಸ್‌ಗೆ ಅನುಮಾನ ಬಂತು. ಅವರು ಡಾಕ್ಟರಿಗೆ ಹೇಳಿದರು. ಆ ಡಾಕ್ಟರ್ ಮೇಡಂ ಅಪ್ಪ ಅಮ್ಮ ಮಗಳು ಮೂವರನ್ನೂ ಒಟ್ಟಿಗೆ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದರು. ನಿಮ್ಮ ಹೊಲದಲ್ಲಿ ಏನು ಬೆಳೆಯುತ್ತೀರಿ ಅಂತ ಕೇಳಿದರಂತೆ. ಕಡಲೆಕಾಯಿ ಅಂದರು. ಜೇಕು ಬರುತ್ತದಾ ಅಂತ ಕೇಳಿದರು. ಅಪ್ಪ ಮೊದಲ ಸಲ ನಕ್ಕರಂತೆ, ಜೇಕು ಬರದ ಹೊಲ ಎಲ್ಲೈತೆ ಮೇಡಂ ಅಂತ.

ಹೊಲ, ಕಳೆ, ಗಡ್ಡೆ

ಅವರು ಹೇಳಿದ್ದನ್ನು ಅವಳು ನಮಗೆ ಹೇಳಿದಳು. ನಾವು ಮತ್ತೊಬ್ಬ ಡಾಕ್ಟರ ಹತ್ತಿರ ಸರಿಯಿದೆಯಾ ಅಂತ ಕೇಳಿಕೊಂಡು ನಿಮಗೆ ಹೇಳುತ್ತಿದ್ದೇವೆ.

ನಮ್ಮ ರಕ್ತ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಮಟನ್ ಸಾರಿನಲ್ಲಿ ನಲ್ಲಿ ಮೂಳೆ ಚೀಪಿದಾಗ ಮೆತ್ತಗೆ ಬರುತ್ತದಲ್ಲ, ಅದೇ. ಅದು ರಕ್ತದ ಹೊಲ. ಅಲ್ಲಿ ಮೂರು ಬೆಳೆ. ಕೆಂಪು ಕಣ ಮೈಗೆಲ್ಲ ಆಮ್ಲಜನಕ ಒಯ್ಯುತ್ತದೆ. ಬಿಳಿ ಕಣ ರೋಗಾಣುಗಳ ಜೊತೆ ಹೊಡೆದಾಡುತ್ತದೆ. ಪ್ಲೇಟ್‌ಲೆಟ್ ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುತ್ತದೆ.

ಲ್ಯುಕೇಮಿಯಾದಲ್ಲಿ ಒಂದು ಎಳೆಯ ರಕ್ತಕಣ ಕೆಟ್ಟುಹೋಗುತ್ತದೆ. ಅದು ಬಲಿಯುವುದಿಲ್ಲ, ಕೆಲಸ ಮಾಡುವುದಿಲ್ಲ, ಸಾಯುವುದೂ ಇಲ್ಲ. ಒಂದು ಎರಡಾಗಿ ಎರಡು ನಾಲ್ಕಾಗಿ ಹೊಲವೆಲ್ಲ ತುಂಬಿಕೊಳ್ಳುತ್ತದೆ. ಬೆಳೆಗೆ ಜಾಗ ಇರುವುದಿಲ್ಲ. ಕೆಂಪು ಕಣ ಕಡಿಮೆಯಾಗಿ ಸುಸ್ತು. ಪ್ಲೇಟ್‌ಲೆಟ್ ಕಡಿಮೆಯಾಗಿ ನೀಲಿ ಕಲೆ, ವಸಡಿನ ರಕ್ತ. ಒಳ್ಳೆಯ ಬಿಳಿ ಕಣ ಕಡಿಮೆಯಾಗಿ ಪದೇ ಪದೇ ಜ್ವರ. ಪರೀಕ್ಷೆಯಲ್ಲಿ ಬಿಳಿ ಕಣ 84 ಸಾವಿರ ಅಂತ ಬಂದರೂ ಅದರಲ್ಲಿ ಬಹುಪಾಲು ಕಳೆ. ಆರು ವಾರ ಟಾನಿಕ್ ಕುಡಿದರೂ ಹಿಮೋಗ್ಲೋಬಿನ್ ಏರದೇ ಇದ್ದದ್ದು ಅದಕ್ಕೇ. ಕಳೆ ತುಂಬಿದ ಹೊಲಕ್ಕೆ ಗೊಬ್ಬರ ಹಾಕಿದರೆ ಏನು ಪ್ರಯೋಜನ?

ಲ್ಯುಕೇಮಿಯಾದಲ್ಲಿ ಬೇರೆ ಬೇರೆ ಜಾತಿ ಇವೆ. ಮಕ್ಕಳಲ್ಲಿ ಹೆಚ್ಚಾಗಿ ಬರುವುದು ಎಎಲ್‌ಎಲ್. ಮಕ್ಕಳಿಗೆ ಬರುವ ಎಲ್ಲಾ ಕ್ಯಾನ್ಸರ್‌ಗಳಲ್ಲಿ ಇದೇ ಹೆಚ್ಚು. ನಮ್ಮ ಹುಡುಗಿಗೆ ಇರುವುದೂ ಇದೇ. ಇದಲ್ಲದೆ ಎಎಂಎಲ್ ಇದೆ, ಸಿಎಂಎಲ್ ಇದೆ, ಸಿಎಲ್‌ಎಲ್ ಇದೆ. ಒಂದೊಂದಕ್ಕೂ ಔಷಧಿ ಬೇರೆ, ಗುಣವಾಗುವ ಲೆಕ್ಕ ಬೇರೆ. ಹಾಗಾಗಿ "ನಮ್ಮ ನೆಂಟರಲ್ಲಿ ಒಬ್ಬರಿಗೆ ಬಂದಿತ್ತು, ಹೋಗಿಬಿಟ್ಟರು" ಅಂತ ಮಗುವಿನ ಮುಂದೆ ಹೇಳುವ ಮೊದಲು ಅದು ಯಾವುದು, ಇದು ಯಾವುದು ಅಂತ ತಿಳಿದಿರಬೇಕು.

ಇನ್ನು ಜೇಕಿನ ವಿಷಯ. ಎಎಲ್‌ಎಲ್‌ಗೆ ಮೊದಲ ತಿಂಗಳು ಜೋರು ಚಿಕಿತ್ಸೆ. ಆ ತಿಂಗಳ ಕೊನೆಗೆ ಹೆಚ್ಚಿನ ಮಕ್ಕಳ ಮಜ್ಜೆಯಲ್ಲಿ ಸೂಕ್ಷ್ಮದರ್ಶಕ ಇಟ್ಟು ನೋಡಿದರೂ ಕಳೆ ಕಾಣುವುದಿಲ್ಲ. ಜ್ವರ ಇಲ್ಲ, ಹಸಿವು ಇದೆ, ಮುಖದಲ್ಲಿ ಕಳೆ ಬಂದಿದೆ. ಮನೆಯವರಿಗೆ ವಾಸಿಯಾಯಿತು ಅನ್ನಿಸುತ್ತದೆ. ವಾಸಿಯಾಗಿಲ್ಲ. ಜೇಕಿನ ಗರಿ ಕಿತ್ತರೆ ಹೊಲ ಚೊಕ್ಕಟವಾಗಿಯೇ ಕಾಣುತ್ತದೆ. ಮಣ್ಣಿನೊಳಗೆ ಗಡ್ಡೆ ಇರುತ್ತದೆ. ಎರಡು ಮಳೆ ಬಿದ್ದರೆ ಮತ್ತೆ ಏಳುತ್ತದೆ. ಅದಕ್ಕೇ ಮತ್ತೆ ಮತ್ತೆ ಕುಂಟೆ ಹೊಡೆಯಬೇಕು. ಎಎಲ್‌ಎಲ್ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುವುದು ಈ ಗಡ್ಡೆಯ ಸಲುವಾಗಿ. ಕೊನೆಯ ಒಂದೂವರೆ ಎರಡು ವರ್ಷ ಹೆಚ್ಚಾಗಿ ಮನೆಯಲ್ಲೇ ಮಾತ್ರೆ, ಆಗಾಗ ಆಸ್ಪತ್ರೆಯಲ್ಲಿ ಪರೀಕ್ಷೆ ಮತ್ತು ಇಂಜೆಕ್ಷನ್.

ಬೆನ್ನಿಗೆ ಸೂಜಿ ಹಾಕುವುದನ್ನು ನೋಡಿ ಹೆದರುವವರು ಬಹಳ. ಕಾಲು ಬಿದ್ದುಹೋಗುತ್ತದೆ ಅನ್ನುತ್ತಾರೆ. ಈ ಕೆಟ್ಟ ಕಣಗಳು ಮಿದುಳು, ಬೆನ್ನುಹುರಿಯ ಸುತ್ತ ಇರುವ ನೀರಿನಲ್ಲಿ ಅಡಗಿಕೊಳ್ಳುತ್ತವೆ. ಕೈಯ ನರಕ್ಕೆ ಕೊಟ್ಟ ಔಷಧಿ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಬದುವಿನ ಸಂದಿಯ ಕಳೆಗೆ ಕುಂಟೆ ತಾಗುವುದಿಲ್ಲ, ಕೈಯಲ್ಲೇ ಕೀಳಬೇಕು. ಹಾಗೆ ಇದು.

ಇನ್ನೊಬ್ಬ ಹುಡುಗ

ಅದೇ ವಾರ್ಡಿನಲ್ಲಿ ಅವಳ ಪಕ್ಕದ ಮಂಚದಲ್ಲಿ ಇನ್ನೊಬ್ಬ ಹುಡುಗನಿದ್ದ. 13 ವರ್ಷ. ಬೇರೆ ಜಿಲ್ಲೆಯವನು. ಅದೇ ಕಾಯಿಲೆ, ಅದೇ ಚಿಕಿತ್ಸೆ. ಅವನಿಗೂ ಹೇಳಿರಲಿಲ್ಲ, ಕೊನೆಯವರೆಗೂ ಹೇಳಲಿಲ್ಲ. ಐದಾರು ತಿಂಗಳಲ್ಲಿ ಕೂದಲು ಬಂತು, ಮೈ ತುಂಬಿಕೊಂಡಿತು. ಸುಗ್ಗಿ ಬಂತು, ಕೂಲಿ ಬಿಟ್ಟು ಬೆಂಗಳೂರಿಗೆ ಹೋಗುವುದು ಕಷ್ಟವಾಯಿತು. ಮಾತ್ರೆ ತಿಂದರೆ ವಾಂತಿ ಅನ್ನುತ್ತಿದ್ದ, ಚೆನ್ನಾಗಿಯೇ ಇದ್ದಾನಲ್ಲ ಅಂತ ಬಿಟ್ಟರು. ತನಗೆ ಏನಾಗಿದೆ ಅಂತಲೇ ಗೊತ್ತಿಲ್ಲದ ಹುಡುಗ ಮಾತ್ರೆ ಬೇಕು ಅಂತ ಯಾಕೆ ಕೇಳುತ್ತಾನೆ?

ಏಳು ತಿಂಗಳಾದ ಮೇಲೆ ಜ್ವರ ಬಂತು. ಮತ್ತೆ ಅದೇ ವಾರ್ಡಿಗೆ ಬಂದರು. ಎರಡನೇ ಸಲ ಬರುವ ಲ್ಯುಕೇಮಿಯಾ ಮೊದಲಿನದಕ್ಕಿಂತ ಹಟಮಾರಿ. ಅವನು ಉಳಿಯಲಿಲ್ಲ.

ಆ ತಂದೆ ತಾಯಿಯನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಮೂವತ್ತು ಸಲ ಬಸ್ಸು ಹತ್ತಿಳಿದವರು ಅವರು. ಆದರೆ ಚಿಕಿತ್ಸೆ ನಡುವೆ ಬಿಡುವುದರಿಂದ ಸಾಯುವ ಮಕ್ಕಳು ಜಗತ್ತಿನ ಎಲ್ಲಾ ಬಡ ದೇಶಗಳಲ್ಲೂ ಇದ್ದಾರೆ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ 100ಕ್ಕೆ 80ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ, ಹಲವು ಬಡ ದೇಶಗಳಲ್ಲಿ 30 ಜನವೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಕೊಡುವ ಕಾರಣಗಳಲ್ಲಿ ತಡವಾಗಿ ಪತ್ತೆಯಾಗುವುದು ಒಂದು, ಚಿಕಿತ್ಸೆಯನ್ನು ನಡುವೆ ಬಿಡುವುದು ಇನ್ನೊಂದು. ಈ ಅಂತರ ತುಂಬಲು ಅದು 2018ರಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿದೆ. 2030ರ ಹೊತ್ತಿಗೆ ಎಲ್ಲಾ ದೇಶಗಳನ್ನೂ ಸೇರಿಸಿ ಕನಿಷ್ಠ 100ಕ್ಕೆ 60 ಮಕ್ಕಳಾದರೂ ಉಳಿಯಬೇಕು ಅನ್ನುವುದು ಗುರಿ. ಎಎಲ್‌ಎಲ್ ಒಂದನ್ನೇ ನೋಡಿದರೆ ಮುಂದುವರಿದ ದೇಶಗಳಲ್ಲಿ 10 ಮಕ್ಕಳಲ್ಲಿ ಸುಮಾರು 9 ಮಕ್ಕಳು ಐದು ವರ್ಷ ದಾಟುತ್ತಾರೆ. ನಮ್ಮ ದೇಶದ ಒಳ್ಳೆಯ ಆಸ್ಪತ್ರೆಗಳಲ್ಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಗುಣವಾಗುತ್ತಾರೆ.

80 ವರ್ಷದ ಹಿಂದೆ ಹೀಗಿರಲಿಲ್ಲ. ಲ್ಯುಕೇಮಿಯಾ ಬಂದ ಮಗು ಕೆಲವೇ ವಾರ, ತಿಂಗಳಲ್ಲಿ ತೀರಿಕೊಳ್ಳುತ್ತಿತ್ತು. 1948ರಲ್ಲಿ ಅಮೆರಿಕದ ಬಾಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ಅಮಿನಾಪ್ಟೆರಿನ್ ಅನ್ನುವ ಔಷಧಿಯಿಂದ ಸ್ವಲ್ಪ ಕಾಲವಾದರೂ ಈ ಕಾಯಿಲೆಯನ್ನು ಹಿಂದೆ ಸರಿಸಬಹುದು ಅಂತ ತೋರಿಸಿದರು. ಆ ಔಷಧಿ ತಯಾರಾದ ಕಂಪನಿಯ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ನಮ್ಮ ಪಕ್ಕದ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ಕೆಲಸದಿಂದ ಬಂದ ಮೆಥೊಟ್ರೆಕ್ಸೇಟ್ ಅನ್ನು ನಮ್ಮ ಹುಡುಗಿ ಇವತ್ತಿಗೂ ವಾರಕ್ಕೊಮ್ಮೆ ನುಂಗುತ್ತಾಳೆ.

ಅವಳಿಗೆ ಕೊಡುವ ಇನ್ನೊಂದು ಔಷಧಿ ವಿನ್‌ಕ್ರಿಸ್ಟಿನ್. ಅದು ಮೊದಲು ಸಿಕ್ಕಿದ್ದು ನಮ್ಮ ಅಂಗಳದ ನಿತ್ಯಪುಷ್ಪ, ಕಾಶಿಕಣಗಿಲೆ ಅನ್ನುತ್ತೇವಲ್ಲ, ಆ ಗಿಡದಲ್ಲಿ. ಹಾಗಂತ ಯಾರೂ ಎಲೆ ಅರೆದು ಕುಡಿಸಬೇಡಿ. ರಾಶಿ ರಾಶಿ ಎಲೆಯಿಂದ ಶುದ್ಧ ಮಾಡಿ ತೆಗೆದರೆ ಚಿಟಿಕೆಯಷ್ಟು ಸಿಗುವ ಔಷಧಿ ಅದು. ಅದನ್ನೂ ಮಗುವಿನ ಮೈ ಅಳತೆ ನೋಡಿ ನರಕ್ಕೆ ಕೊಡುತ್ತಾರೆ. ಎಲೆ ಹಾಗೇ ತಿಂದರೆ ವಿಷ.

ಗೊತ್ತಿದ್ದರಿಂದ ಏನಾಯಿತು

ಮಗುವಿಗೆ ಹೇಳಿದರೆ ಎದೆಗುಂದುತ್ತದೆ ಅನ್ನುವವರಿಗೆ ಈ ಹುಡುಗಿಯ ಎರಡು ದಿನಗಳ ಬಗ್ಗೆ ಹೇಳುತ್ತೇವೆ.

ಹೋದ ವರ್ಷ ಅಜ್ಜಿ ಊರಿನ ಹಬ್ಬಕ್ಕೆ ಹೋಗಿದ್ದಳು. ಅಮ್ಮ ಎರಡು ದಿನ ಮೊದಲೇ ವಾಪಸ್ ಬಂದಿದ್ದರು. ಮಾತ್ರೆಗಳನ್ನು ಅತ್ತೆಯ ಕೈಗೆ ಕೊಟ್ಟಿದ್ದರು. ಪಾಪ ಅತ್ತೆ, ಎಲ್ಲಾ ಮಾತ್ರೆಯನ್ನೂ ದಿನಾ ಕೊಡಬೇಕು ಅಂದುಕೊಂಡು ಎರಡನೇ ದಿನವೂ ಮೆಥೊಟ್ರೆಕ್ಸೇಟ್ ಕೈಗಿಟ್ಟರು. "ಅತ್ತೆ, ಇದು ವಾರಕ್ಕೊಂದ್ಸಲದ್ದು. ನಿನ್ನೆ ಆಯ್ತು. ದಿನಾ ತಗೊಂಡ್ರೆ ಮಜ್ಜೆ ಸುಟ್ಟೋಗುತ್ತೆ" ಅಂತ ಅವಳೇ ತಡೆದಳು. ಈ ಮಾತ್ರೆಯನ್ನು ವಾರದ ಬದಲು ದಿನಾ ನುಂಗಿ ಪ್ರಾಣಕ್ಕೆ ಅಪಾಯವಾಗುವುದು ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ವಿಷಯ. ರಕ್ತ ಕಮ್ಮಿ, ಟಾನಿಕ್ ಮಾತ್ರೆ ಅಂತ ನಂಬಿದ್ದ ಹುಡುಗಿಯಾಗಿದ್ದರೆ ನುಂಗಿಬಿಡುತ್ತಿದ್ದಳು.

ಇನ್ನೊಂದು ದಿನ ರಾತ್ರಿ ಹತ್ತಕ್ಕೆ ಜ್ವರ ಬಂತು. 101. ಪಕ್ಕದ ಮನೆಯವರು ಬಂದು ಬೆಳಿಗ್ಗೆ ನೋಡೋಣ, ಈಗ ಒಂದು ಪ್ಯಾರಸಿಟಮಾಲ್ ಕೊಡಿ, ಇಲ್ಲ ಒಂದು ಇಂಜೆಕ್ಷನ್ ಹಾಕಿಸಿ ಅಂದರು. ಅವಳ ನೋಟ್‌ಬುಕ್ಕಿನಲ್ಲಿ ಹಿಂದಿನ ವಾರದ ಕೌಂಟ್ ಬರೆದಿತ್ತು. ಬಿಳಿ ಕಣ ಕಡಿಮೆ ಇತ್ತು. "ಬೆಳಿಗ್ಗೆವರೆಗೂ ಕಾಯೋ ಹಂಗಿಲ್ಲಮ್ಮ" ಅಂತ ಹೇಳಿ ಆಸ್ಪತ್ರೆಗೆ ಫೋನ್ ಮಾಡಿಸಿದಳು. ಆ ರಾತ್ರಿಯೇ ಹತ್ತಿರದ ಜಿಲ್ಲಾ ಕೇಂದ್ರದಲ್ಲಿ ನರಕ್ಕೆ ಆಂಟಿಬಯೋಟಿಕ್ ಶುರುವಾಯಿತು.

ಕೀಮೋ ನಡೆಯುತ್ತಿರುವ ಮಗುವಿಗೆ 100.4 ಡಿಗ್ರಿ ದಾಟಿದ ಜ್ವರ ತುರ್ತು ಪರಿಸ್ಥಿತಿ. ಗಂಟೆಗಳ ಲೆಕ್ಕ. ಊರಿನಲ್ಲಿ ಸೊಂಟಕ್ಕೆ ಇಂಜೆಕ್ಷನ್ ಹಾಕಿಸಬಾರದು, ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಒಳಗೇ ರಕ್ತ ಸುರಿಯುತ್ತದೆ. ಆಸ್ಪಿರಿನ್, ಐಬುಪ್ರೊಫೇನ್ ನೋವಿನ ಮಾತ್ರೆ ಡಾಕ್ಟರನ್ನು ಕೇಳದೇ ಕೊಡಬಾರದು. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲೇಬೇಕು. ಸುತ್ತಮುತ್ತ ಯಾರಿಗಾದರೂ ಅಮ್ಮ, ಅಂದರೆ ಸಿಡುಬಿನ ಜಾತಿಯ ಗುಳ್ಳೆ, ದಡಾರ ಬಂದಿದ್ದರೆ ಕೂಡಲೇ ಆಸ್ಪತ್ರೆಗೆ ತಿಳಿಸಬೇಕು. ಕುದಿಸಿದ ನೀರು, ಆಗಷ್ಟೇ ಮಾಡಿದ ಬಿಸಿ ಅಡುಗೆ. ಇದೆಲ್ಲ ಮನೆಯವರಿಗೆ ಗೊತ್ತಿರಬೇಕು, ಮಗುವಿಗೂ ಗೊತ್ತಿರಬೇಕು. 24 ಗಂಟೆಯೂ ಮಗುವಿನ ಜೊತೆ ಇರುವವರು ಮಗುವೇ.

ಊರವರಿಗೆ ಎರಡು ಮಾತು

ಹೇಳುವ ರೀತಿ ವಯಸ್ಸಿಗೆ ತಕ್ಕಂತೆ ಇರಬೇಕು, ಒಪ್ಪುತ್ತೇವೆ. ಐದು ವರ್ಷದ ಮಗುವಿಗೆ "ರಕ್ತದಲ್ಲಿ ಕಳೆ ಬೆಳೆದಿದೆ, ಔಷಧಿ ಅದನ್ನು ಕೀಳುತ್ತದೆ, ಇದು ನಿನ್ನ ತಪ್ಪಲ್ಲ" ಅಂದರೆ ಸಾಕು. 15ರ ಹುಡುಗಿಗೆ ಹೆಸರು, ಹಂತ, ಮಾತ್ರೆ, ಕೌಂಟ್ ಎಲ್ಲವೂ ಬೇಕು. ಹೇಳುವುದು ಹೇಗೆ ಅಂತ ತೋಚದಿದ್ದರೆ ಡಾಕ್ಟರಿಗೇ ಕೇಳಿ, ನೀವೇ ಹೇಳಿಕೊಡಿ ಮೇಡಂ ಅನ್ನಿ. ಎಲ್ಲರೂ ಗುಣವಾಗುತ್ತಾರೆ ಅಂತ ಸುಳ್ಳು ಭರವಸೆಯನ್ನೂ ಕೊಡಬೇಕಿಲ್ಲ. ಸರಿಯಾಗಿ ಮಾತ್ರೆ ನುಂಗಿದ ಕೆಲವು ಮಕ್ಕಳಿಗೂ ಕಾಯಿಲೆ ಮರಳುತ್ತದೆ. ನಮ್ಮ ಹುಡುಗಿಗೆ ಅದೂ ಗೊತ್ತು. "ನನ್ನ ಕೈಲಿ ಇರೋದು ಮಾತ್ರೆ. ಅದನ್ನ ಬಿಡಲ್ಲ" ಅನ್ನುತ್ತಾಳೆ.

ಆದರೆ ಮನೆಯವರು ಬಾಯಿ ಬಿಡಬೇಕಾದರೆ ಊರು ಕೇಳುವ ಹಾಗಿರಬೇಕು. ಆ ತಾಯಿ ಮದುವೆಯ ಮಾತೆತ್ತಿದ್ದು ನಮ್ಮ ನಿಮ್ಮ ಬಾಯಿಗೆ ಹೆದರಿ. ಲ್ಯುಕೇಮಿಯಾ ಅಂಟುವುದಿಲ್ಲ. ಒಟ್ಟಿಗೆ ಉಂಡರೆ, ಒಂದೇ ಬೆಂಚಿನಲ್ಲಿ ಕೂತರೆ, ಬಟ್ಟೆ ಒಟ್ಟಿಗೆ ಒಗೆದರೆ ಬರುವುದಿಲ್ಲ. ಸಾಮಾನ್ಯವಾಗಿ ಅಪ್ಪ ಅಮ್ಮನಿಂದ ಮಗುವಿಗೆ ಬರುವ ಕಾಯಿಲೆಯೂ ಅಲ್ಲ. ಯಾವ ಶಾಪವೂ ಅಲ್ಲ, ಗ್ರಹಣದಲ್ಲಿ ಹೊರಗೆ ಬಂದದ್ದೂ ಅಲ್ಲ, ತಾಯಿ ಬಸುರಿಯಲ್ಲಿ ತಿಂದದ್ದೂ ಅಲ್ಲ. ಹೆಚ್ಚಿನ ಮಕ್ಕಳಲ್ಲಿ ಇಂಥದ್ದೇ ಕಾರಣ ಅಂತ ತೋರಿಸುವುದಕ್ಕೆ ಏನೂ ಸಿಗುವುದಿಲ್ಲ. ಗುಣವಾದ ಎಷ್ಟೋ ಹೆಣ್ಣುಮಕ್ಕಳು ಮುಂದೆ ಮದುವೆಯಾಗಿ ತಾಯಂದಿರೂ ಆಗಿದ್ದಾರೆ. ಅಂಟಿಕೊಳ್ಳುವ ಭಯ ನಮಗಲ್ಲ, ಆ ಮಗುವಿಗೆ. ನಿಮಗೆ ನೆಗಡಿ ಕೆಮ್ಮು ಇದ್ದರೆ ಮಾತಾಡಿಸಲು ಹೋಗಬೇಡಿ.

ಇನ್ನೊಂದು ಕಹಿ ಮಾತು. ನಮ್ಮ ದೇಶದ ಕ್ಯಾನ್ಸರ್ ಆಸ್ಪತ್ರೆಗಳಿಗೆ ಬರುವ ಮಕ್ಕಳಲ್ಲಿ ಗಂಡುಮಕ್ಕಳೇ ಹೆಚ್ಚು. ಕಾಯಿಲೆಯ ಲೆಕ್ಕದಲ್ಲಿ ಅಷ್ಟು ವ್ಯತ್ಯಾಸ ಇಲ್ಲ. ಅಂದರೆ ಮನೆಯಲ್ಲೇ ಉಳಿದುಹೋಗುವ ಹೆಣ್ಣುಮಕ್ಕಳಿದ್ದಾರೆ. ಈ ಅಪ್ಪ ಮಗಳಿಗಾಗಿ ಆಸ್ಪತ್ರೆಯ ಕಟ್ಟೆಯ ಮೇಲೆ ಮಲಗಿದ್ದು ನಮಗೆ ಅದಕ್ಕೇ ದೊಡ್ಡದಾಗಿ ಕಂಡಿತು.

ದುಡ್ಡಿನ ಬಗ್ಗೆ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಇದೆ, ಮಕ್ಕಳ ಕ್ಯಾನ್ಸರ್‌ಗೇ ಬೇರೆ ವಿಭಾಗವಿದೆ. ಕಲಬುರಗಿಯಲ್ಲಿ ಅದರ ಕೇಂದ್ರವಿದೆ. ಹುಬ್ಬಳ್ಳಿಯ ನವನಗರದಲ್ಲೂ ಕ್ಯಾನ್ಸರ್ ಆಸ್ಪತ್ರೆ ಇದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ನೆರವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗಬಹುದು, ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಿರುವವರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಅದರ ಫಾರಂ ಆಸ್ಪತ್ರೆಯಲ್ಲಿ ಕೇಳಿ. ಮಾಹಿತಿಗೆ 104ಕ್ಕೆ ಫೋನ್ ಮಾಡಬಹುದು.

ಕಾರ್ಡು ತೀರಿಸದ ಖರ್ಚು ಬೇರೆ ಇದೆ. ಬಸ್ಸು, ಊಟ, ಬಿಟ್ಟ ಕೂಲಿ, ಮನೆಯಲ್ಲಿ ಒಬ್ಬನೇ ಉಳಿದ ತಮ್ಮ. ಮಕ್ಕಳು ಚಿಕಿತ್ಸೆ ಬಿಡುವುದು ಹೆಚ್ಚಾಗಿ ಇಲ್ಲಿ. ಇದಕ್ಕೆ ಸರ್ಕಾರದ ಯೋಜನೆಗಾಗಿ ಕಾಯಬೇಕಿಲ್ಲ. ಈ ಹುಡುಗಿಯ ಮನೆಯ ಕಡಲೆಕಾಯಿಯನ್ನು ಹೋದ ವರ್ಷ ಪಕ್ಕದ ಹೊಲದವರು ಮುಯ್ಯಾಳಾಗಿ ಕಿತ್ತುಕೊಟ್ಟರು. ಸ್ವಸಹಾಯ ಸಂಘದವರು ತಮ್ಮನಿಗೆ ಮಧ್ಯಾಹ್ನದ ರಜೆಯ ದಿನಗಳಲ್ಲಿ ಊಟ ಹಾಕಿದರು. ಶಾಲೆಯ ಒಬ್ಬ ಮೇಷ್ಟ್ರು ಪಾಠವನ್ನು ವಾಟ್ಸಾಪಿನಲ್ಲಿ ಕಳಿಸಿದರು, ಒಂದು ವರ್ಷ ತಡವಾಗಿ ಎಸ್ಸೆಸ್ಸೆಲ್ಸಿ ಬರೆದು ಪಾಸಾದಳು. ಇದೆಲ್ಲ ಆಗಿದ್ದು ಕಾಯಿಲೆಯ ಹೆಸರು ಊರಲ್ಲಿ ನಾಲ್ಕು ಜನಕ್ಕೆ ಗೊತ್ತಾದ ಮೇಲೆ. ಟೈಫಾಯ್ಡ್ ಅಂದುಕೊಂಡಿದ್ದಾಗ ಯಾರೂ ಬಂದಿರಲಿಲ್ಲ. ಟೈಫಾಯ್ಡಿಗೆ ಎರಡು ವರ್ಷ ಯಾರು ಬರುತ್ತಾರೆ?

ಕೊನೆಯದಾಗಿ ರಕ್ತ. ಪ್ಲೇಟ್‌ಲೆಟ್ ತೆಗೆದು ಇಟ್ಟರೆ ಐದೇ ದಿನ ಬಾಳುತ್ತದೆ, ಕೂಡಿಡುವುದಕ್ಕಾಗುವುದಿಲ್ಲ. ಹಾಗಾಗಿ ಪ್ರತಿ ವಾರ ಯಾರಾದರೂ ಕೊಡುತ್ತಲೇ ಇರಬೇಕು. 18 ತುಂಬಿ, 45 ಕಿಲೋ ತೂಕವಿದ್ದು, ಆರೋಗ್ಯವಾಗಿರುವವರು ರಕ್ತ ಕೊಡಬಹುದು. ಮುಂದಿನ ಸಲ "ಪ್ಲೇಟ್‌ಲೆಟ್ ಅರ್ಜೆಂಟ್" ಅಂತ ಮೆಸೇಜು ಬಂದರೆ ಫಾರ್ವರ್ಡ್ ಮಾಡುವ ಮೊದಲು ಆ ನಂಬರಿಗೆ ಒಂದು ಫೋನ್ ಮಾಡಿ, ನಿಜವೇ ಅಂತ ಕೇಳಿ, ಆದರೆ ಹೋಗಿ.

ಈ ಬರಹವನ್ನು ಹಾಕುವ ಮೊದಲು ಆ ತಾಯಿಗೆ ಓದಿ ಹೇಳಿದೆವು. ಪೂರ್ತಿ ಕೇಳಿದರು. "ಊರ ಹೆಸರು ಹಾಕ್ಬೇಡಿ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಪಕ್ಕದ ಮಂಚದ ಹುಡ್ಗನ ಕತೆ ಮಾತ್ರ ಹಾಕಿ. ಅವ್ರಮ್ಮ ನನ್ನ ಹತ್ರ ಅತ್ತಿದ್ದು ಇನ್ನೂ ಕಣ್ಣಲ್ಲೈತೆ" ಅಂದರು.

ಹಾಕಿದ್ದೇವೆ ಅಮ್ಮ.